ಧರ್ಮ ಒಂದು, ಮನೆತನದ ರೀತಿ ಹಲವು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)

  

ಶಿಲೆಯಾಗಿದ್ದುದು ಜಿನಬಿಂಬವಾಗಿ ಪೂಜೆಗೆ ಅರ್ಹವಾಗುವ ಈ ಪುಣ್ಯಕಾರ್ಯದಲ್ಲಿ ಪಂಚಕಲ್ಯಾಣಗಳು ಕ್ರಮವಾಗಿ ನಡೆಯುತ್ತವೆ. ಅವುಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ಮಾತೆ ಮರುದೇವಿಯು ರಾತ್ರಿಯ ಕೊನೆಯ ಜಾವದಲ್ಲಿ ಹದಿನಾರು ಸ್ವಪ್ನಗಳನ್ನು ಕಂಡು, ಬೆಳಗಾದ ಮೇಲೆ ಅವುಗಳ ಫಲವನ್ನು ಪತಿಯಾದ ನಾಭಿರಾಜನಲ್ಲಿ ಕೇಳುತ್ತಾಳೆ. ಆತ ಒಂದೊಂದನ್ನೂ ವಿವರಿಸಿ ಹೇಳುತ್ತಾನೆ. ಲೋಕಕ್ಕೆ ಗುರುವಾಗತಕ್ಕ ಮಹಾತ್ಮನ ಚರಿತ್ರೆಯು ಹೀಗೆ ಒಂದು ಮನೆಯೊಳಗೆ, ಗಂಡ ಹೆಂಡಿರ ನಡುವಿನ ಒಂದು ಸಂಭಾಷಣೆಯಿಂದ ಆರಂಭವಾಗುತ್ತದೆ. ಸಮವಸರಣ ಆಮೇಲಿನದು, ನಿರ್ವಾಣ ಅದಕ್ಕೂ ಆಮೇಲಿನದು. ಮೊದಲು ತಾಯಿ, ತಂದೆ ಮತ್ತು ಒಂದು ಮನೆ. ಆದ್ದರಿಂದ ಬಸದಿಯ ಪ್ರತಿಷ್ಠೆಯ ಸಂದರ್ಭದಲ್ಲಿ ಮನೆಯ ವಿಚಾರವನ್ನು ಚಿಂತಿಸುವುದು ಅಪ್ರಸ್ತುತವಾಗಲಾರದು.

ಸಂಸ್ಕೃತಿಯೆಂಬ ಪದವನ್ನು ಇಂದು ನೃತ್ಯ, ಸಂಗೀತ, ಶಿಲ್ಪಗಳಿಗೆ ಮಾತ್ರ ಮೀಸಲಾಗಿಡುವ ರೂಢಿ ಬಂದಿದೆ. ಆದರೆ ಸಂಸ್ಕೃತಿಯ ನಿಜವಾದ ನೆಲೆ ಅಡುಗೆಯ ಮನೆ, ಪಡಸಾಲೆ, ತೊಟ್ಟಿಲು ಮತ್ತು ಲೆಕ್ಕದ ಪುಸ್ತಕ. ಮಗು ಯಾರನ್ನು ಮೊದಲು ಕರೆಯುತ್ತದೆ, ಮದುವೆಯಾದ ಹೆಣ್ಣು ಯಾವ ಮನೆಯವಳೆನಿಸುತ್ತಾಳೆ, ಯಜಮಾನನು ತೀರಿಕೊಂಡರೆ ಬೀಗದ ಕೈ ಯಾರ ಸೊಂಟಕ್ಕೆ ಹೋಗುತ್ತದೆ, ಊಟಕ್ಕೆ ಎಷ್ಟು ಹೊತ್ತಿಗೆ ಎಲೆ ಹಾಕುತ್ತಾರೆ, ಇವೆಲ್ಲವನ್ನೂ ನಿರ್ಧರಿಸುವುದು ಸಂಸ್ಕೃತಿಯೇ. ಈ ಪ್ರಶ್ನೆಗಳಿಗೆ ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ಉತ್ತರ ಕೊಟ್ಟುಕೊಂಡಿವೆ. ಅದರಲ್ಲಿ ಆಶ್ಚರ್ಯವಿಲ್ಲ. ಒಂದೇ ದೇವರನ್ನು ಪೂಜಿಸುವ, ಒಂದೇ ಣಮೋಕಾರ ಮಂತ್ರವನ್ನು ಜಪಿಸುವ, ಒಂದೇ ನಾಡಿನಲ್ಲಿ ವಾಸಿಸುವ ಜನರು ಕೂಡ ಒಂದಕ್ಕೊಂದು ವಿರುದ್ಧವಾದ ಉತ್ತರಗಳನ್ನು ಕೊಟ್ಟುಕೊಂಡು ಶತಮಾನಗಳ ಕಾಲ ನೆಮ್ಮದಿಯಿಂದ ಬಾಳಿದರೆಂಬುದು ಆಶ್ಚರ್ಯದ ಸಂಗತಿ. ಕರ್ನಾಟಕದ ಜೈನ ಸಮಾಜವು ಇದಕ್ಕೆ ಒಂದು ಜೀವಂತ ನಿದರ್ಶನ.

ಘಟ್ಟದ ಮೇಲಿನ ಜೈನರು, ಎಂದರೆ ಹಾಸನ, ಮೈಸೂರು, ತುಮಕೂರು, ಧಾರವಾಡ, ಬೆಳಗಾವಿ ಸೀಮೆಯವರು, ಮಕ್ಕಳಸಂತಾನದವರು. ತಂದೆಯ ಆಸ್ತಿ ಮಕ್ಕಳಿಗೆ, ತಂದೆಯ ಗೋತ್ರವೇ ಮಕ್ಕಳ ಗೋತ್ರ. ಹೆಣ್ಣು ಮದುವೆಯಾದ ಮೇಲೆ ಗಂಡನ ಮನೆಯವಳು. ಘಟ್ಟದ ಕೆಳಗೆ ತುಳುನಾಡಿನಲ್ಲಿ, ಮೂಡಬಿದಿರೆ, ಕಾರ್ಕಳ, ವೇಣೂರು ಮೊದಲಾದೆಡೆಗಳ ಬೀಡು ಗುತ್ತುಗಳ ಜೈನರು ಪರಂಪರೆಯಿಂದ ಅಳಿಯಸಂತಾನದವರು. ಅಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯು ಸೋದರಮಾವನಿಂದ ಸೋದರಳಿಯನಿಗೆ, ಎಂದರೆ ತಾಯಿಯ ರಕ್ತದ ದಾರಿಯಲ್ಲಿ ಹರಿಯುತ್ತಿತ್ತು. ಗೋತ್ರಕ್ಕೆ ಬದಲಾಗಿ ಬಳಿ. ಬಳಿಯು ಬರುವುದು ತಾಯಿಯಿಂದ. ಅದೇ ತುಳುನಾಡಿನಲ್ಲಿ ಬಸದಿಯ ಪೂಜೆಯನ್ನು ನಡೆಸುವ ಇಂದ್ರರ ಮನೆತನಗಳು ಮಕ್ಕಳಸಂತಾನವನ್ನೇ ಅನುಸರಿಸಿಕೊಂಡು ಬಂದಿವೆ. ಒಂದೇ ಬಸದಿಯ ಗರ್ಭಗುಡಿಯ ಒಳಗೆ ನಿಂತು ಅಭಿಷೇಕ ಮಾಡುವವನ ಮನೆಯ ಕಟ್ಟಳೆ ಒಂದು, ಹೊರಗೆ ಕೈಮುಗಿದು ಗಂಧೋದಕವನ್ನು ಸ್ವೀಕರಿಸುವವನ ಮನೆಯ ಕಟ್ಟಳೆ ಮತ್ತೊಂದು.

ಅಳಿಯಸಂತಾನದ ಉತ್ಪತ್ತಿಯನ್ನು ಕುರಿತು ತುಳುನಾಡಿನಲ್ಲಿ ಒಂದು ಐತಿಹ್ಯ ಪ್ರಸಿದ್ಧವಾಗಿದೆ. ದೇವಪಾಂಡ್ಯನೆಂಬ ಅರಸನು ಸರಕು ತುಂಬಿದ ಹಡಗುಗಳನ್ನು ಸಮುದ್ರಕ್ಕೆ ಇಳಿಸಲು ಹೊರಟಾಗ ಕುಂಡೋದರನೆಂಬ ಭೂತವು ತಡೆದು ನರಬಲಿಯನ್ನು ಬೇಡಿತು. ಅರಸಿಯು ತನ್ನ ಮಗನನ್ನು ಕೊಡಲು ಒಪ್ಪಲಿಲ್ಲ. ಅರಸನ ತಂಗಿಯು ಅಣ್ಣನ ಸಂಕಟವನ್ನು ಕಂಡು ತನ್ನ ಮಗನನ್ನು ಮುಂದೆ ತಂದು ನಿಲ್ಲಿಸಿದಳು. ಭೂತವು ಆ ಬಾಲಕನನ್ನು ಕೊಲ್ಲದೆ ಹರಸಿತು. ಅವನೇ ಭೂತಾಳಪಾಂಡ್ಯನೆಂಬ ಹೆಸರಿನಿಂದ ಅರಸನಾಗಿ, ಇನ್ನು ಮುಂದೆ ಆಸ್ತಿಯು ಮಕ್ಕಳಿಗಲ್ಲ, ಅಳಿಯಂದಿರಿಗೆ ಎಂದು ಕಟ್ಟು ಮಾಡಿದನಂತೆ. ಇದನ್ನು ಇತಿಹಾಸವೆಂದು ಎಣಿಸುವಂತಿಲ್ಲ. ಈ ಪದ್ಧತಿಯ ಮೂಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವೂ ಇಲ್ಲ. ಆದರೆ ಐತಿಹ್ಯವು ಹೇಳುವ ನೀತಿ ಸ್ಪಷ್ಟವಾಗಿದೆ. ಕಷ್ಟಕಾಲದಲ್ಲಿ ತನ್ನದನ್ನು ಕೊಡಲು ಮುಂದೆ ಬಂದವಳಿಗೆ ಮನೆ ಸಲ್ಲತಕ್ಕದ್ದು. ಕಥೆಯಲ್ಲಿ ಯಾರ ಪ್ರಾಣವೂ ಹೋಗಲಿಲ್ಲವೆಂಬುದು ಅಹಿಂಸಾಧರ್ಮದವರಿಗೆ ಸಮಾಧಾನದ ಸಂಗತಿ.

ಐತಿಹ್ಯವನ್ನು ಬದಿಗಿರಿಸಿ ಶಾಸನಗಳನ್ನು ನೋಡಬಹುದು. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸನನ್ನು ಅಲ್ಲಿಯ ಶಾಸನವು ಹಿಂದಿನ ಭೈರವರಾಜನ ಸೋದರಿಯಾದ ಗುಮ್ಮಟಾಂಬೆಯ ಮಗನೆಂದು ಪರಿಚಯಿಸುತ್ತದೆ. ವೇಣೂರಿನಲ್ಲಿ 1604ರಲ್ಲಿ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ತಿಮ್ಮರಾಜ ಅಜಿಲನು ತನ್ನ ಶಾಸನದಲ್ಲಿ ಪಾಂಡ್ಯಕದೇವಿಯ ಪುತ್ರನೆಂದು ತಾಯಿಯ ಹೆಸರಿನಿಂದ ಗುರುತಿಸಿಕೊಂಡಿದ್ದಾನೆ. ಸಿಂಹಾಸನಕ್ಕೆ ಅಧಿಕಾರ ಬಂದ ದಾರಿಯನ್ನು ತಿಳಿಸಬೇಕಾದರೆ ತಾಯಿಯ ಹೆಸರನ್ನು ಹೇಳದೆ ಗತ್ಯಂತರವಿರಲಿಲ್ಲ. ಉಳ್ಳಾಲದ ಅಬ್ಬಕ್ಕರಾಣಿಯು ಬಂಗರ ಅರಸನನ್ನು ಮದುವೆಯಾಗಿದ್ದರೂ ಚೌಟರ ಸೀಮೆಯನ್ನು ಆಳುತ್ತಾ ಪೋರ್ಚುಗೀಸರನ್ನು ಎದುರಿಸಿ ನಿಂತುದು ಸರ್ವವಿದಿತ. ಗಂಡನೊಡನೆ ವಿರಸವಾದಾಗ ಆಕೆ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. ಆಕೆ ಇದ್ದುದೇ ತನ್ನ ಮನೆಯಲ್ಲಿ, ಆಳುತ್ತಿದ್ದುದೇ ತನ್ನ ನೆಲವನ್ನು. ಘಟ್ಟದ ಮೇಲಿನ ಒಬ್ಬ ಸೊಸೆಗೆ ಇಂತಹ ನೆಲೆ ಸುಲಭದಲ್ಲಿ ದೊರೆಯುವಂತಿರಲಿಲ್ಲ.

ಹಾಗೆಂದು ಘಟ್ಟದ ಮೇಲಿನ ಜೈನ ಸ್ತ್ರೀಯರು ಕೇವಲ ನೆರಳಾಗಿ ಬಾಳಿದರೆಂದು ತಿಳಿಯಬಾರದು. ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ಗಂಡನು ಮಡಿದಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ರಾಷ್ಟ್ರಕೂಟ ದೊರೆಯು ಅದೇ ಅಧಿಕಾರವನ್ನು ಕೊಟ್ಟನು. ಆಕೆ ಸಮರ್ಥಳಾಗಿ ಆಡಳಿತವನ್ನು ನಡೆಸಿ, ಕಡೆಗೆ ವ್ಯಾಧಿಗ್ರಸ್ತಳಾದಾಗ ಭೋಗವು ಸಾಕೆಂದು ತನ್ನ ಮಗಳನ್ನು ಕರೆಸಿ ಅವಳಿಗೆ ಎಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದಳು. ದಾನಚಿಂತಾಮಣಿ ಅತ್ತಿಮಬ್ಬೆಯು ಪತಿಯನ್ನು ಕಳೆದುಕೊಂಡ ಮೇಲೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು, 1007ರ ಸುಮಾರಿಗೆ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಹಣದ ಮೇಲೆ ಅಧಿಕಾರವಿಲ್ಲದವಳು ಇಂತಹ ಕಾರ್ಯವನ್ನು ಮಾಡುವುದು ಸಾಧ್ಯವಿರಲಿಲ್ಲ. ಹೊಯ್ಸಳರ ಪಟ್ಟಮಹಿಷಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಮನೆಯೊಳಗೆ ಎರಡು ದೀಪ ಬೆಳಗಿದವು. ಮಗಳು ತಾಯಿಯ ಧರ್ಮವನ್ನು ಹಿಡಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು.

ಇಷ್ಟು ವಿಭಿನ್ನವಾದ ಕಟ್ಟಳೆಗಳಿರುವ ಮನೆಗಳನ್ನು ಜೈನ ಮನೆಗಳೆಂದು ಒಂದೇ ಹೆಸರಿನಿಂದ ಕರೆಯಲು ಕಾರಣವೇನು? ಆಸ್ತಿಯ ದಾರಿ ಬೇರೆಯಾದರೂ ದಿನಚರಿಯ ದಾರಿ ಒಂದೇ ಆಗಿರುವುದೇ ಕಾರಣ. ಹೊತ್ತು ಮುಳುಗುವ ಮುನ್ನ ಊಟ ಮಾಡಬೇಕೆಂಬ ಒಂದು ನಿಯಮವನ್ನೇ ತೆಗೆದುಕೊಳ್ಳಬಹುದು. ಅದು ಕೇವಲ ಹೊಟ್ಟೆಯ ನಿಯಮವಲ್ಲ, ಕುಟುಂಬವನ್ನು ಕೂಡಿಸುವ ನಿಯಮ. ಹೊಲದಲ್ಲಿದ್ದವನು, ಅಂಗಡಿಯಲ್ಲಿದ್ದವನು, ಶಾಲೆಗೆ ಹೋದ ಮಗು, ಎಲ್ಲರೂ ದೀಪ ಹಚ್ಚುವುದಕ್ಕೆ ಮೊದಲು ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತು. ಅಂಗಡಿಯನ್ನು ಬಿಟ್ಟು ಬರಲಾಗದವನಿಗೆ ಮನೆಯಿಂದ ಬುತ್ತಿ ಹೋಗುತ್ತಿತ್ತು. ಸಂಜೆಯಾದ ಮೇಲೆ ಅಡುಗೆಯ ಮನೆಯ ಕೆಲಸ ಮುಗಿದಿರುತ್ತಿದ್ದುದರಿಂದ ಹೆಂಗಸರಿಗೆ ಸ್ವಾಧ್ಯಾಯಕ್ಕೂ ನೋಂಪಿಯ ಕಥೆಗಳನ್ನು ಹೇಳುವುದಕ್ಕೂ ಬಿಡುವು ದೊರೆಯುತ್ತಿತ್ತು. ಅಜ್ಜಿಯ ಮಡಿಲಲ್ಲಿ ಕುಳಿತು ಆ ಕಥೆಗಳನ್ನು ಕೇಳಿದ ಮಗುವಿಗೆ ಧರ್ಮವನ್ನು ಬೇರೆ ಪಾಠಶಾಲೆಯಲ್ಲಿ ಕಲಿಸಬೇಕಾಗಿರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಗಡ್ಡೆಗೆಣಸುಗಳನ್ನು ವರ್ಜಿಸುವುದು, ಭಾದ್ರಪದದ ದಶಲಕ್ಷಣ ಪರ್ವ, ಅನಂತನ ನೋಂಪಿ, ಜೀವದಯಾಷ್ಟಮಿ ಇವು ಅಳಿಯಸಂತಾನದ ಮನೆಯಲ್ಲಿಯೂ ಇದ್ದವು, ಮಕ್ಕಳಸಂತಾನದ ಮನೆಯಲ್ಲಿಯೂ ಇದ್ದವು. ಕ್ಷಮಾವಣಿಯ ದಿನ ಅತ್ತೆಯು ಸೊಸೆಯ ಬಳಿಯೂ ಅಣ್ಣನು ತಮ್ಮನ ಬಳಿಯೂ ಕೈಮುಗಿದು ತಪ್ಪಾಗಿದ್ದರೆ ಕ್ಷಮಿಸಬೇಕೆಂದು ಕೇಳುವ ಸಂಪ್ರದಾಯವು ಎಷ್ಟು ಮನೆಗಳನ್ನು ಒಡೆಯದಂತೆ ಉಳಿಸಿದೆಯೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ.

ಇದಕ್ಕಿಂತಲೂ ಆಳವಾದ ಮತ್ತೊಂದು ಸಾಮ್ಯವಿದೆ. ಸತ್ತವನಿಗೆ ಪಿಂಡವಿಟ್ಟು ಸದ್ಗತಿಯನ್ನು ದೊರಕಿಸಿಕೊಡಲು ಮಗನು ಬೇಕೇ ಬೇಕು ಎಂಬ ನಂಬಿಕೆಗೆ ಜೈನ ಸಿದ್ಧಾಂತದಲ್ಲಿ ಸ್ಥಾನವಿಲ್ಲ. ಪ್ರತಿಯೊಂದು ಜೀವವೂ ತಾನು ಕಟ್ಟಿಕೊಂಡ ಕರ್ಮವನ್ನು ತಾನೇ ಸವೆಸಬೇಕು. ತಂದೆಯ ಕರ್ಮವನ್ನು ಮಗನು ತೀರಿಸಲಾರ, ಮಗನ ಪುಣ್ಯವನ್ನು ತಂದೆಯು ಉಣ್ಣಲಾರ. ಈ ಒಂದು ತತ್ತ್ವದಿಂದ ಕುಟುಂಬದ ರಚನೆಯ ಮೇಲೆ ದೂರಗಾಮಿಯಾದ ಪರಿಣಾಮಗಳುಂಟಾದವು. ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಜೈನ ನೀತಿಗ್ರಂಥಗಳು ಗಂಡನ ಆಸ್ತಿಯಲ್ಲಿ ವಿಧವೆಗೆ ಪ್ರಬಲವಾದ ಹಕ್ಕನ್ನು ಹೇಳಿದುವು. ದತ್ತಕವು ಪರಲೋಕಕ್ಕಾಗಿ ಅಲ್ಲ, ಮನೆಯ ವ್ಯವಹಾರವು ನಡೆದುಕೊಂಡು ಹೋಗಲೆಂದು ಎಂಬ ಭಾವನೆಯು ಬೆಳೆಯಿತು. ಮಕ್ಕಳಿಲ್ಲದ ಜೈನ ವಿಧವೆಯು ಗಂಡನ ಅಪ್ಪಣೆಯಿಲ್ಲದೆಯೇ ದತ್ತು ತೆಗೆದುಕೊಳ್ಳಬಹುದೆಂಬ ಉತ್ತರ ಹಿಂದೂಸ್ಥಾನದ ಜೈನರ ರೂಢಿಯನ್ನು 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲೂ ಎತ್ತಿಹಿಡಿಯಿತು.

ಭಗವಜ್ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಆದಿಪುರಾಣದಲ್ಲಿ ಗೃಹಸ್ಥನ ಕ್ರಿಯೆಗಳನ್ನು ಸವಿಸ್ತಾರವಾಗಿ ವರ್ಣಿಸಿದ್ದಾರೆ. ಅವುಗಳಲ್ಲಿ ವರ್ಣಲಾಭವೆಂಬ ಕ್ರಿಯೆಯಲ್ಲಿ ವಿವಾಹಿತನಾದ ಮಗನು ತಂದೆಯ ಒಪ್ಪಿಗೆಯಿಂದ ಧನವನ್ನೂ ಮನೆಯನ್ನೂ ಪಡೆದು ಪ್ರತ್ಯೇಕವಾಗಿ ಸಂಸಾರ ಹೂಡುತ್ತಾನೆ. ಬೇರೆ ಹೋಗುವುದು ಕಲಹದ ಫಲವಾಗಬೇಕಾಗಿಲ್ಲ. ಅದು ಆಶೀರ್ವಾದದೊಡನೆ ನಡೆಯತಕ್ಕ ಸಂಸ್ಕಾರವೆಂದು ಆಚಾರ್ಯರು ಅಂದೇ ತಿಳಿಸಿದರು. ಅದಕ್ಕೂ ಮಿಗಿಲಾದ ಮಾತು ಗೃಹತ್ಯಾಗ ಕ್ರಿಯೆಯಲ್ಲಿದೆ. ಮನೆಯನ್ನು ಬಿಟ್ಟು ಹೊರಡುವ ಗೃಹಸ್ಥನು ಬಂಧುಗಳನ್ನು ಕರೆದು ಅವರ ಸಾಕ್ಷಿಯಾಗಿ ಹಿರಿಯ ಮಗನಿಗೆ ತನ್ನ ಧನದ ವ್ಯವಸ್ಥೆಯನ್ನು ಒಪ್ಪಿಸುತ್ತಾನೆ. ಧನವನ್ನು ಮೂರು ಭಾಗ ಮಾಡಬೇಕು. ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಮತ್ತೊಂದು ಮಕ್ಕಳಲ್ಲಿ ಸಮನಾಗಿ ಹಂಚುವುದಕ್ಕೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳೊಡನೆ ಸಮಭಾಗವು ಸಲ್ಲತಕ್ಕದ್ದೆಂದು ಆಚಾರ್ಯರು ಸಂದೇಹಕ್ಕೆಡೆಯಿಲ್ಲದಂತೆ ಬರೆದಿದ್ದಾರೆ.

ಬಂಧುಗಳು ಇದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ತೂಗಿ ನೋಡಬೇಕು. ಹಿಂದೂ ಉತ್ತರಾಧಿಕಾರ ಅಧಿನಿಯಮವು ಜೈನರಿಗೂ ಅನ್ವಯವಾಗುವಂತೆ ಬಂದುದು 1956ರಲ್ಲಿ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುಗಾರರನ್ನಾಗಿ ಮಾಡುವ ತಿದ್ದುಪಡಿಯು ಕರ್ನಾಟಕದಲ್ಲಿ ಜಾರಿಗೆ ಬಂದುದು 1994ರಲ್ಲಿ. ಇಡೀ ದೇಶಕ್ಕೆ ಅಂತಹ ತಿದ್ದುಪಡಿ ಆದುದು 2005ರಲ್ಲಿ. ತಂದೆಯು ಆ ದಿನ ಜೀವಂತನಾಗಿದ್ದನೇ ಇಲ್ಲವೇ ಎಂಬ ತೊಡಕನ್ನು ಬಿಡಿಸಿ ಸರ್ವೋಚ್ಚ ನ್ಯಾಯಾಲಯವು ಮಗಳ ಹಕ್ಕು ಹುಟ್ಟಿನಿಂದ ಬಂದುದೆಂದು ಹೇಳಿದ್ದು 2020ರಲ್ಲಿ. ಸರಕಾರದ ಕಾನೂನು ಮುಟ್ಟಿದ ಈ ಸ್ಥಳದಲ್ಲಿ ಆಚಾರ್ಯರ ಲೇಖನಿಯು ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ನಿಂತಿತ್ತು. ಆ ಗ್ರಂಥವನ್ನು ರೇಷ್ಮೆಯ ವಸ್ತ್ರದಲ್ಲಿ ಸುತ್ತಿ ಪೂಜಿಸಿದ ಸಮಾಜವು ಈ ಒಂದು ಮಾತನ್ನು ಮಾತ್ರ ಬಿಚ್ಚಿ ಓದಲಿಲ್ಲ. ಧರ್ಮಗ್ರಂಥವು ಒಂದನ್ನು ಹೇಳಿದರೂ ನೆರೆಹೊರೆಯ ರೂಢಿಯು ಮತ್ತೊಂದನ್ನು ಕಲಿಸಿತು. ಸಂಸ್ಕೃತಿಯು ಕುಟುಂಬವನ್ನು ರೂಪಿಸುವ ಬಗೆಯು ಇಷ್ಟು ಬಲವಾದದ್ದು. ಅದು ಕೆಲವು ವೇಳೆ ಶಾಸ್ತ್ರವನ್ನೂ ಮೀರಿಸುತ್ತದೆ.

ಎರಡು ಪದ್ಧತಿಗಳಲ್ಲಿಯೂ ಗುಣವಿತ್ತು, ದೋಷವೂ ಇತ್ತು. ಅಳಿಯಸಂತಾನದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂದು ಸಂತೋಷಪಡುತ್ತಿದ್ದರು. ವಿಧವೆಯಾದವಳು ನಿರ್ಗತಿಕಳಾಗುತ್ತಿರಲಿಲ್ಲ. ಹಿರಿಯಳಾದ ಹೆಂಗಸು ಯಜಮಾನ್ತಿಯಾಗಿ ಮನೆಯನ್ನು ನಡೆಸಬಹುದಾಗಿತ್ತು. ಆದರೆ ತಂದೆಯು ಹೆತ್ತ ಮಕ್ಕಳ ಮನೆಯಲ್ಲಿ ಬಂದು ಹೋಗುವ ನೆಂಟನಂತಿದ್ದನು. ದುಡಿದದ್ದು ಅಳಿಯಂದಿರಿಗೆ, ಮಮತೆ ಮಕ್ಕಳ ಮೇಲೆ. ಈ ಎಳೆದಾಟದಲ್ಲಿ ಎಷ್ಟೋ ಜನ ಸಜ್ಜನರು ನೊಂದರು. ಆಸ್ತಿಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಮಾಡುವಂತಿರಲಿಲ್ಲ. ನೂರಾರು ಜನರ ಹೆಸರಿದ್ದ ಕುಟುಂಬದಲ್ಲಿ ಯಜಮಾನನು ನಿಷ್ಠುರನಾದರೆ ಉಳಿದವರಿಗೆ ಜೀವನಾಂಶವೇ ಗತಿ. 1949ರ ಮದರಾಸು ಅಳಿಯಸಂತಾನ ಅಧಿನಿಯಮವು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಕಾನೂನಿನಿಂದ ಪುರುಷನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುವ ದಾರಿ ತೆರೆಯಿತು. 1974ರ ಭೂಸುಧಾರಣೆಯಿಂದ ಗೇಣಿಯ ಭೂಮಿ ಉಳುವವರ ಪಾಲಾಗಿ ದೊಡ್ಡ ಬೀಡುಗಳ ಆರ್ಥಿಕ ತಳಹದಿಯೇ ಬದಲಾಯಿತು. ಇಂದು ಆ ಮನೆಗಳಲ್ಲಿ ಉಳಿದಿರುವುದು ಬಳಿಯ ನೆನಪು, ಮನೆತನದ ಹೆಸರು, ವರ್ಷಕ್ಕೊಮ್ಮೆ ಎಲ್ಲರೂ ಕೂಡುವ ಪರ್ವ.

ಮಕ್ಕಳಸಂತಾನದ ಮನೆಯಲ್ಲಿ ತಂದೆ ಮಕ್ಕಳ ಬಾಂಧವ್ಯವು ಗಟ್ಟಿಯಾಗಿತ್ತು. ತಂದೆಯ ಅಂಗಡಿಯಲ್ಲಿ ತಕ್ಕಡಿ ಹಿಡಿದು ಬೆಳೆದ ಹುಡುಗನು ವ್ಯಾಪಾರದ ಜೊತೆಗೆ ನಾಲಿಗೆಯ ನಿಯತ್ತನ್ನೂ ಕಲಿಯುತ್ತಿದ್ದನು. ಸೋದರರು ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ನಲವತ್ತು ವರ್ಷ ಕಳೆದ ಮನೆಗಳುಂಟು. ಆದರೆ ಹೆಣ್ಣುಮಗಳು ಮಾತ್ರ ಹುಟ್ಟಿದ ದಿನದಿಂದಲೇ ಪರರ ಮನೆಯ ಸೊತ್ತೆಂದು ಎಣಿಸಲ್ಪಟ್ಟಳು. ತವರಿನಿಂದ ಬಂದ ಉಡುಗೊರೆಯೇ ಅವಳ ಪಾಲೆಂದು ಕೈತೊಳೆದುಕೊಂಡರು. ಆ ಉಡುಗೊರೆಯು ವರದಕ್ಷಿಣೆಯಾಗಿ ಬೆಳೆದು ಮಗಳೆಂದರೆ ಖರ್ಚಿನ ಬಾಬ್ತು ಎಂಬ ಭಾವನೆಯು ಬೇರೂರಿತು.

ಈ ಭಾವನೆಯ ಪರಿಣಾಮವು ಜನಗಣತಿಯ ಪುಸ್ತಕದಲ್ಲಿ ದಾಖಲಾಗಿದೆ. 2011ರ ಗಣತಿಯ ಪ್ರಕಾರ ಭಾರತದಲ್ಲಿ ಜೈನರು 44 ಲಕ್ಷಕ್ಕೂ ಮಿಕ್ಕಿ ಇದ್ದರು. ಅವರಲ್ಲಿ 4 ಲಕ್ಷ 40 ಸಾವಿರದಷ್ಟು ಮಂದಿ ಕರ್ನಾಟಕದವರು. ಅಕ್ಷರಸ್ಥರ ಪ್ರಮಾಣದಲ್ಲಿ ದೇಶದ ಎಲ್ಲ ಧಾರ್ಮಿಕ ಸಮುದಾಯಗಳಲ್ಲಿ ಜೈನರೇ ಮುಂದು. ಇದು ಹೆಮ್ಮೆಯ ವಿಷಯ. ಆದರೆ ಅದೇ ಪುಸ್ತಕದ ಮತ್ತೊಂದು ಪುಟವನ್ನು ತಿರುವಿದರೆ ತಲೆ ತಗ್ಗುತ್ತದೆ. ಆರು ವರ್ಷದೊಳಗಿನ ಪ್ರತಿ 1000 ಗಂಡುಮಕ್ಕಳಿಗೆ ದೇಶದಲ್ಲಿ ಸರಾಸರಿ 927 ಹೆಣ್ಣುಮಕ್ಕಳಿದ್ದ 2001ರಲ್ಲಿ ದೇಶದ ಜೈನರಲ್ಲಿ ಇದ್ದುದು 870. 2011ರಲ್ಲಿ ಅದು 889ಕ್ಕೆ ಏರಿತಾದರೂ ದೇಶದ ಸರಾಸರಿಯನ್ನು ಮುಟ್ಟಲಿಲ್ಲ. ಭ್ರೂಣದ ಲಿಂಗವನ್ನು ಪರೀಕ್ಷಿಸಿ ತಿಳಿಯುವುದನ್ನು 1994ರ ಕಾನೂನು ಅಪರಾಧವೆಂದು ಸಾರಿದ ಮೇಲಿನ ಅಂಕಿಗಳಿವು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗೆ ನೋವಾಗಬಾರದೆಂದು ನೀರನ್ನು ಸೋಸಿ ಕುಡಿಯುವ ಸಮಾಜದಲ್ಲಿ ಈ ಕೊರತೆ ಎಲ್ಲಿಂದ ಬಂದಿತು? ಹುಟ್ಟಬೇಕಾಗಿದ್ದು ಹುಟ್ಟದೆ ಹೋದ ಆ ಜೀವಗಳು ಯಾವ ಸೋಸುಬಟ್ಟೆಯಲ್ಲಿ ಜಾರಿಹೋದುವು? ಪಿಂಡಕ್ಕೆ ಮಗನು ಬೇಕೆಂಬ ನೆಪವೂ ಜೈನರಿಗಿಲ್ಲ. ಉಳಿಯುವ ಕಾರಣ ಒಂದೇ, ಆಸ್ತಿ ಮತ್ತು ಅಂಗಡಿ. ಲೋಭವು ಅಹಿಂಸೆಯನ್ನು ಮೀರಿದೆಯೆಂಬುದನ್ನು ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ಇನ್ನೊಂದು ದೃಶ್ಯವನ್ನೂ ಸಭಿಕರು ಬಲ್ಲರು. ಮನೆಯ ಹಿರಿಯನು ತೀರಿಕೊಂಡು ಕೆಲವು ದಿನ ಕಳೆದಿರುತ್ತದೆ. ದುಃಖವು ಇನ್ನೂ ಆರಿರುವುದಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯ ಜಗಲಿಯ ಮೇಲೆ ಅಕ್ಕ ತಂಗಿಯರು ಸೆರಗನ್ನು ಹೊದ್ದು ಕುಳಿತಿರುತ್ತಾರೆ. ಬರಹಗಾರನು ಹಕ್ಕು ಬಿಡುಗಡೆ ಪತ್ರವನ್ನು ಸಿದ್ಧಪಡಿಸಿರುತ್ತಾನೆ. ಅಣ್ಣನು ಬಂದು, “ಇಲ್ಲೊಂದು ರುಜು ಹಾಕಮ್ಮ, ತವರು ಮನೆಯ ಬಾಗಿಲು ನಿನಗೆ ಯಾವತ್ತೂ ತೆರೆದೇ ಇರುತ್ತೆ” ಎನ್ನುತ್ತಾನೆ. ಆಕೆ ಓದದೆಯೇ ರುಜು ಹಾಕುತ್ತಾಳೆ. ಕೇಳಿದರೆ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಕೇಳುವುದಿಲ್ಲ. ಮನಸಾರೆ ಬಿಟ್ಟುಕೊಟ್ಟರೆ ಅದು ತ್ಯಾಗ. ಭಯದಿಂದ ಬಿಟ್ಟುಕೊಟ್ಟರೆ ತೆಗೆದುಕೊಂಡವನಿಗೆ ಅದು ಅದತ್ತಾದಾನ. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬುದು ಶ್ರಾವಕನ ಅಣುವ್ರತಗಳಲ್ಲಿ ಮೂರನೆಯದು. ಅಂಗಡಿಯಲ್ಲಿ ಗಿರಾಕಿಯ ಒಂದು ಕಾಸನ್ನೂ ಹೆಚ್ಚಿಗೆ ತೆಗೆದುಕೊಳ್ಳದ ಗೃಹಸ್ಥನು ತನ್ನ ತಂಗಿಯ ಲೆಕ್ಕವನ್ನು ಬರೆಯುವಾಗ ಮಾತ್ರ ಆ ವ್ರತವನ್ನು ಮರೆಯಬಾರದು.

ಈಚೆಗೆ ಘಟ್ಟದ ಮೇಲಿನ ಮನೆಗೂ ಕೆಳಗಿನ ಮನೆಗೂ ಸಂಬಂಧಗಳು ಬೆಳೆಯುತ್ತಿವೆ. ಬೆಂಗಳೂರು, ಮುಂಬಯಿ, ಅಮೆರಿಕ ಎಂದು ದೂರ ಹೋದ ಯುವಕ ಯುವತಿಯರು ಸಂತಾನದ ಭೇದವನ್ನು ಕೇಳದೆ ಮದುವೆಯಾಗುತ್ತಿದ್ದಾರೆ. ಧಾರೆಯ ಮಂಟಪದಲ್ಲಿ ಒಂದು ಕಡೆಯವರು ಗೋತ್ರವನ್ನು ಹೇಳಿದರೆ ಮತ್ತೊಂದು ಕಡೆಯವರು ಬಳಿಯನ್ನು ಹೇಳುತ್ತಾರೆ. ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದರಲ್ಲಿ ಗಾಬರಿಪಡತಕ್ಕದ್ದೇನೂ ಇಲ್ಲ. ವಸ್ತು ಒಂದು, ಅದನ್ನು ನೋಡುವ ನಯ ಹಲವು ಎಂದು ಲೋಕಕ್ಕೆ ಕಲಿಸಿದ್ದು ಅನೇಕಾಂತವಾದವೇ ಅಲ್ಲವೆ? ತನ್ನ ಮನೆಯ ರೀತಿಯೊಂದೇ ರೀತಿ, ಉಳಿದುದೆಲ್ಲ ಅನಾಚಾರವೆನ್ನುವುದು ಏಕಾಂತ. ಅಂತಹ ಮಗುವು ತಂದೆಯ ಗೋತ್ರವನ್ನೂ ತಾಯಿಯ ಬಳಿಯನ್ನೂ ಎರಡನ್ನೂ ಬಲ್ಲವನಾಗಿ ಬೆಳೆದರೆ ಅದು ನಷ್ಟವಲ್ಲ, ಲಾಭ.

ಆದರೆ ರೀತಿಯು ಹೋದರೂ ನೀತಿಯು ಹೋಗಬಾರದು. ಸಂಜೆಯ ಊಟವು ರಾತ್ರಿಯ ಒಂಬತ್ತಕ್ಕೆ ಸರಿದಿದೆ. ಕಚೇರಿಯಿಂದ ಬರುವುದೇ ಎಂಟಕ್ಕಾದಾಗ ದಿನವೂ ನಿಯಮವನ್ನು ನಡೆಸುವುದು ಕಷ್ಟವೆಂಬುದು ನಿಜ. ವಾರದಲ್ಲಿ ಒಂದು ದಿನವಾದರೂ, ಚಾತುರ್ಮಾಸದ ಪರ್ವಗಳಲ್ಲಾದರೂ, ಹೊತ್ತಿಗೆ ಮುಂಚೆ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ಸಂಕಲ್ಪವನ್ನು ಮಾಡಬಹುದು. ತುಳುನಾಡಿನ ಮನೆಗಳಿಂದ ಘಟ್ಟದ ಮೇಲಿನವರು ಹೆಣ್ಣನ್ನು ಮನೆಯ ಬೇರೆಂದು ಗೌರವಿಸುವುದನ್ನು ಕಲಿಯಬಹುದು. ಘಟ್ಟದ ಮೇಲಿನ ಮನೆಗಳಿಂದ ಕೆಳಗಿನವರು ತಂದೆಯು ಮಕ್ಕಳ ಕೈಹಿಡಿದು ನಡೆಸುವ ಹೊಣೆಯನ್ನು ಕಲಿಯಬಹುದು. ಪಾಲಿನ ಕಾಲ ಬಂದಾಗ ಆದಿಪುರಾಣದ ಕ್ರಮವನ್ನು ನೆನೆದು, ಯಜಮಾನನು ತಾನು ಬದುಕಿರುವಾಗಲೇ ಬಂಧುಗಳ ಸಮ್ಮುಖದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಹಂಚಿಕೆ ಮಾಡಿ, ಒಂದು ಭಾಗವನ್ನು ಧರ್ಮಕ್ಕೆ ತೆಗೆದಿರಿಸಿದರೆ ಕೋರ್ಟಿನ ಮೆಟ್ಟಿಲನ್ನು ಹತ್ತುವ ಪ್ರಸಂಗವೇ ಬಾರದು.

ಆದಿದೇವನು ರಾಜ್ಯಭಾರ ಮಾಡುತ್ತಿದ್ದಾಗ ತನ್ನ ಮಗಳಾದ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದನು. ಲೋಕದ ಮೊದಲ ಓದು ಬರಹ, ಮೊದಲ ಲೆಕ್ಕ, ಎರಡೂ ಹೆಣ್ಣುಮಕ್ಕಳಿಗೆ ದೊರೆತುವು. ಅದೇ ಮನೆಯಲ್ಲಿ ಭರತ ಬಾಹುಬಲಿಗಳಿಗೆ ನೆಲದ ಸಲುವಾಗಿ, ಅಭಿಮಾನದ ಸಲುವಾಗಿ ಯುದ್ಧವೂ ನಡೆಯಿತು. ತೀರ್ಥಂಕರನ ಮನೆಯಲ್ಲಿಯೇ ಅಣ್ಣ ತಮ್ಮಂದಿರ ವ್ಯಾಜ್ಯ ನಡೆಯಿತೆಂದ ಮೇಲೆ ಸಾಮಾನ್ಯರ ಮನೆಗಳಲ್ಲಿ ನಡೆಯುವುದೇನು ವಿಶೇಷ? ವಿಶೇಷವೆಂದರೆ ಅದು ಮುಗಿದ ರೀತಿ. ಗೆದ್ದವನು ಗೆದ್ದ ಕ್ಷಣದಲ್ಲಿ ಬಿಟ್ಟುಕೊಟ್ಟನು. ಬಿಟ್ಟು ತಪಸ್ಸಿಗೆ ನಿಂತ ಮೇಲೆಯೂ ತಾನು ನಿಂತಿರುವುದು ಅಣ್ಣನ ನೆಲವೆಂಬ ಒಂದು ಎಳೆ ಶಲ್ಯವು ಅವನ ಮನಸ್ಸಿನಲ್ಲಿ ಉಳಿಯಿತೆಂದೂ, ಅಣ್ಣನು ಬಂದು ಕೈಮುಗಿದಾಗ ಅದು ಕರಗಿ ಕೇವಲಜ್ಞಾನವಾಯಿತೆಂದೂ ಕನ್ನಡನಾಡಿನ ಜೈನರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಬಿಟ್ಟುಕೊಟ್ಟ ತಮ್ಮನಿಗೂ ಅಣ್ಣನ ಒಂದು ಒಳ್ಳೆಯ ಮಾತು ಬೇಕಾಗಿತ್ತು.

ಆ ತಮ್ಮನ ಮೂರ್ತಿಯನ್ನು ಮಕ್ಕಳಸಂತಾನದ ನಾಡಾದ ಬೆಳಗೊಳದಲ್ಲಿ ಚಾವುಂಡರಾಯನು ತನ್ನ ತಾಯಿಯ ಬಯಕೆಯನ್ನು ಸಲ್ಲಿಸಲು ನಿಲ್ಲಿಸಿದನೆಂದು ಪ್ರತೀತಿ. ಅಳಿಯಸಂತಾನದ ನಾಡಿನಲ್ಲಿ 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, 1982ರಲ್ಲಿ ಧರ್ಮಸ್ಥಳದಲ್ಲಿ ಅದೇ ಮೂರ್ತಿಯನ್ನು ನಿಲ್ಲಿಸಿದರು. ಕಟ್ಟಳೆ ಬೇರೆಯಾದವರೆಲ್ಲರೂ ಒಂದೇ ತ್ಯಾಗಕ್ಕೆ ತಲೆಬಾಗಿದರು. ಇಂದು ಈ ನೂತನ ಬಿಂಬಕ್ಕೆ ಅಭಿಷೇಕ ಮಾಡಿ ಮನೆಗೆ ಹಿಂದಿರುಗುವ ಪ್ರತಿಯೊಬ್ಬ ಶ್ರಾವಕನೂ ಮಾತು ಬಿಟ್ಟ ಅಣ್ಣನಿದ್ದರೆ ಅವನ ಬಾಗಿಲಿಗೆ, ರುಜು ಹಾಕಿಸಿಕೊಂಡು ಮರೆತ ತಂಗಿಯಿದ್ದರೆ ಅವಳ ಬಾಗಿಲಿಗೆ ಒಮ್ಮೆ ಹೋಗಿ ಬರಲಿ. ಆಗ ಬಸದಿಯಲ್ಲಿ ನಡೆದ ಪ್ರತಿಷ್ಠೆಯು ಮನೆಯಲ್ಲಿಯೂ ನಡೆದಂತಾಗುವುದು.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.